ಮುಟ್ಟಿದ ಕಾಯಿ

ರುಮಾಲು ಮತ್ತೆ ಎಡಕ್ಕೆ ಜಾರಿತು. ಗೀತಾಂಜಲಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಅವುಚಿಕೊಂಡು, ಎರಡೂ ಕೈಯಿಂದ ಅಪ್ಪನ ತಲೆಯ ರುಮಾಲನ್ನು ನೆಟ್ಟಗೆ ಮಾಡಿದಳು. ಅಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ದೊಡ್ಡಪ್ಪ ದುರಗಪ್ಪ ತಮ್ಮನ ಬೆನ್ನಿಗೆ ಹಲಗೆ ಕೊಟ್ಟು, ಎದೆಗೊಂದು ಪಂಜೆ ಸುತ್ತಿ, ಅದರ ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದ.

"ನೀವು ಬರಾಕ ಬೇಕ್ರಿ ಸರ್," ಎಂದಳು ಫೋನಿಗೆ. "ನಮ್ಮಪ್ಪ ಕಡೀಕ ನಿಮ್ಮ ಹೆಸರ ತಗೊಂಡಾನ್ರಿ."

ಆ ಕಡೆಯ ಮುದಿ ದನಿ ಕೇಳಿತು, "ನನ್ನ ಹೆಸರೇನವಾ?"

"ಹೂನ್ರಿ. ನಿಮ್ಮದ."

ಹಸಿ ಸುಳ್ಳು. ಹನಮಪ್ಪ ಕೊನೆಗೆ ಕೇಳಿದ್ದು ಮಜ್ಜಿಗೆ. ಅದನ್ನು ಕುಡಿದು, ಉಪ್ಪು ಕಡಿಮೆಯಾಗಿದೆಯೆಂದು ಹೆಂಡತಿಯನ್ನು ಬೈದು, ಮಗ್ಗುಲಾದವನು ಬೆಳಗ್ಗೆ ಏಳಲಿಲ್ಲ. ಅಷ್ಟು ಸರಳವಾಗಿ ಹೋಗಿಬಿಟ್ಟಿದ್ದ. ಬದುಕಿದ್ದಾಗ ಒಂದು ಕೆಲಸವನ್ನೂ ಅಷ್ಟು ಸರಳವಾಗಿ ಮಾಡಿದವನಲ್ಲ.

ತಾಯಿ ಫಕೀರವ್ವ ಗಂಡನ ಪಕ್ಕದಲ್ಲಿ ಕುಳಿತಿದ್ದವಳು ತಲೆ ಎತ್ತಿದಳು. "ಯಾರಿಗೆ ಫೋನ ಮಾಡಿದಿ?"

"ಮಾಳಮಡ್ಡಿಗೆ. ಬಿಂದುಮಾಧವ ಮಾಸ್ತರಗ."

"ಗದಗಿನ್ಯಾಗ ನಿಮ್ಮತ್ತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅವಗ ಮದಲ ಹೇಳತೀಯೇನ?"

"ಅತ್ತಿ ಹೆಂಗೂ ಬರತಾಳವ್ವ. ಅಂವಾ ಕರದ್ರಷ್ಟ ಬರಾಂವ."

"ಹೋದಾಂವ ಹೋದ. ಅದನ್ನೆಲ್ಲಾ ಅವನ ಜೋಡಿ ಮಣ್ಣಿಗೆ ಹಾಕೂಣ ಬಿಡ," ಎಂದು ಫಕೀರವ್ವ ಸೆರಗಿನಿಂದ ಮೂಗೊರೆಸಿಕೊಂಡಳು. ಮಗಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಗಳದ ಹೆಂಗಸರು, ಹಡೆದ ಮಗಳ ಕಣ್ಣಲ್ಲಿ ಒಂದು ಹನಿ ನೀರಿಲ್ಲವಲ್ಲ ಎಂದು ಪಿಸುಗುಡುತ್ತಿದ್ದದ್ದು ಅವಳಿಗೂ ಕೇಳಿಸಿತ್ತು. ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿದವಳಿಗೆ ಇಂಥ ಪಿಸುಮಾತು ಹೊಸದಲ್ಲ. ಅಳುವುದಕ್ಕೆ ನಾಳೆ ಇದೆ, ನಾಡಿದ್ದು ಇದೆ. ಅಪ್ಪ ಹೀಗೆ ಕುಳಿತಿರುವುದು ಇವತ್ತು ಒಂದೇ ದಿನ. ಅವನು ಕುಳಿತಿರುವಾಗಲೇ ಬಿಂದುಮಾಧವರನ್ನು ಅವನೆದುರು ಕೂರಿಸಿ ಉಳಿದುಹೋದ ಆ ಚೆಸ್ ಆಟ ಆಡಿಸಬೇಕು, ಸೋಲಿಸಬೇಕು, ಊರ ಮಂದಿ ನಗಬೇಕು. ಬೆಳಗಿನಿಂದ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

*

ಹೆಬ್ಬಳ್ಳಿಯಲ್ಲಿ ಅದಕ್ಕೆ ಚೆಸ್ ಅನ್ನುವುದಿಲ್ಲ, ಬುದ್ಧಿಬಲ ಅನ್ನುತ್ತಾರೆ. ಹನಮಂತದೇವರ ಗುಡಿಯ ಕಟ್ಟೆಯ ಕಲ್ಲಿನಲ್ಲೇ ಮನೆಗಳನ್ನು ಕೊರೆದಿದ್ದಾರೆ. ಅಲ್ಲಿಯ ಆಟದಲ್ಲಿ ರಾಜನಿಗೆ ಆನೆಯ ಮರೆಗೆ ಸೇರಿ ಕೋಟೆ ಕಟ್ಟಿಕೊಳ್ಳುವ ಸವಲತ್ತಿಲ್ಲ. ಬದಲಿಗೆ, ಶಹ, ಅಂದರೆ ಚೆಕ್, ಬೀಳುವ ಮೊದಲು, ಇಡೀ ಆಟಕ್ಕೆ ಒಂದು ಸಲ ಅವನು ಕುದುರೆಯಂತೆ ಹಾರಬಹುದು. ಹನಮಪ್ಪ ಚಡ್ಡಿ ಹಾಕುವ ಮೊದಲೇ ಈ ಆಟ ಕಲಿತವನು. ಟೂರ್ನಮೆಂಟಿನ ಆಟ ಕಲಿತದ್ದು ಎಷ್ಟೋ ವರ್ಷದ ಮೇಲೆ, ತಾರಿಹಾಳದ ಪೈಪು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದಾಗ, ಊಟದ ಬಿಡುವಿನಲ್ಲಿ. ತಲೆಯೇನೋ ಹೊಸ ನಿಯಮ ಕಲಿಯಿತು. ಕೈ ಮಾತ್ರ ಹೆಬ್ಬಳ್ಳಿಯದಾಗಿಯೇ ಉಳಿಯಿತು.

ಗೀತಾಂಜಲಿ ಆಗ ಇನ್ನೂ ಎರಡು ಜಡೆಯ ಹುಡುಗಿ. ಧಾರವಾಡದ ಒಂದು ಸಭಾಭವನದಲ್ಲಿ ಟೂರ್ನಮೆಂಟಿನ ಕೊನೆಯ ಸುತ್ತು. ಅಪ್ಪನ ಎದುರಿಗೆ ಕಾಲೇಜಿನಲ್ಲಿ ಗಣಿತ ಕಲಿಸುವ ಬಿಂದುಮಾಧವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಏಲಕ್ಕಿ. ಅಪ್ಪ ಬಿಳಿಯ ಕಾಯಿಗಳಿಂದ ತನ್ನ ಮೆಚ್ಚಿನ ಕಿಂಗ್ಸ್ ಗ್ಯಾಂಬಿಟ್ ಶುರು ಮಾಡಿದ. ರಾಜನ ಮುಂದಿನ ಪದಾತಿಯನ್ನು ಎರಡು ಹೆಜ್ಜೆ ಮುಂದಿಟ್ಟು, ಮರುನಡೆಯಲ್ಲೇ ಅದರ ಪಕ್ಕದ ಪದಾತಿಯನ್ನು ಬೇಕಾದರೆ ತಿನ್ನು ಎಂದು ಎದುರಾಳಿಯ ಬಾಯಿಗೆ ಒಡ್ಡುವ ಆರಂಭ ಅದು. ಬಿಂದುಮಾಧವರು ತಿನ್ನಲಿಲ್ಲ. ತಮ್ಮ ಕರಿಯ ಒಂಟೆಯನ್ನು ಹೊರಗೆ ತಂದು, ಅಪ್ಪನ ರಾಜ ಕೋಟೆಗೆ ಹೋಗುವ ದಾರಿಗೆ ಓರೆಯಾಗಿ ಗುರಿ ಹಿಡಿದು ನಿಲ್ಲಿಸಿದರು. ಅದು ಅಲ್ಲಿರುವಷ್ಟು ಹೊತ್ತು ಕೋಟೆಯ ಮಾತಿಲ್ಲ.

ಆಟ ಬಿಗಿಯಾಯಿತು. ಅಪ್ಪನ ಹಣೆಯಲ್ಲಿ ಬೆವರು. ರಾಜ ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದ, ಎಲ್ಲಿಗಾದರೂ ಪಾರಾಗಬೇಕಿತ್ತು. ಅಪ್ಪನ ಕೈ ಏನೂ ಯೋಚಿಸದೆ ರಾಜನನ್ನು ಎತ್ತಿ ಕುದುರೆಯಂತೆ ಹಾರಿಸಿ ಇಟ್ಟುಬಿಟ್ಟಿತು. ಕಟ್ಟೆಯ ಮೇಲೆ ಸಾವಿರ ಸಲ ಹಾರಿಸಿದ ಹಾಗೆ.

ಬಿಂದುಮಾಧವರು ಗಡಿಯಾರ ನಿಲ್ಲಿಸಿ ತೀರ್ಪುಗಾರರ ಕಡೆ ಕೈ ಎತ್ತಿದರು. "ಈ ನಡೆ ನಡೆಯೂದಿಲ್ಲ. ಆದ್ರ ರಾಜನ್ನ ಮುಟ್ಟ್ಯಾರ. ಮುಟ್ಟಿದ ಕಾಯಿ ನಡಸಬೇಕು."

ಅದು ನಿಯಮ, ಅದರಲ್ಲಿ ತಪ್ಪಿಲ್ಲ. ರಾಜನನ್ನು ಎಲ್ಲಿ ಸರಿಸಿದರೂ ಬೆಂಕಿಯೇ. ಅಪ್ಪ ಸರಿಸಿದ, ಸೋತ. ಅಷ್ಟಕ್ಕೆ ಮುಗಿದಿದ್ದರೆ ಹನಮಪ್ಪ ಮನೆಗೆ ಬಂದು ರೊಟ್ಟಿ ತಿಂದು ಮಲಗುತ್ತಿದ್ದ. ಬಿಂದುಮಾಧವರು ಎದ್ದು ನಿಂತು, ನೋಡಲು ಬಂದವರ ಬೆಂಚುಗಳ ಕಡೆ ತಿರುಗಿ, "ಇದು ಹೆಬ್ಬಳ್ಳಿ ಕಟ್ಟಿ ಅಲ್ಲಪಾ ಹನಮಪ್ಪ, ಟೂರ್ನಮೆಂಟು. ಇಲ್ಲೆ ರಾಜಾ ಹಾರೂದಿಲ್ಲ!" ಎಂದರು. ಸಭಾಭವನವೇ ಗೊಳ್ಳೆಂದಿತು.

ಆ ನಗು ಅಪ್ಪನಿಗಿಂತ ಮೊದಲು ಊರಿಗೆ ಬಂದು ಮುಟ್ಟಿತು. ಕಾರ್ಖಾನೆಯಲ್ಲಿ ಅವನು 'ಹಾರೂ ರಾಜಾ' ಆದ. ಸಾಲೆಯಲ್ಲಿ ಅವಳು ಹಾರೂ ರಾಜಾನ ಮಗಳಾದಳು. ಅವಳ ಮದುವೆಯ ಹಂದರದಲ್ಲಿ ಬೀಗರ ಕಡೆಯವನೊಬ್ಬ, "ಮಾವಾರು ಎಲ್ಲಿ ಹಾರಿ ಹೋದ್ರಪಾ?" ಎಂದು ಕೇಳಿ ಪಂಕ್ತಿಗೆ ಪಂಕ್ತಿಯನ್ನೇ ನಗಿಸಿದ್ದ. ಅಪ್ಪ ಆಗ ಹುಗ್ಗಿಯ ಬಕೆಟ್ಟು ಹಿಡಿದು ನಿಂತಿದ್ದ. ಬಡಿಸುವುದನ್ನು ನಿಲ್ಲಿಸಲಿಲ್ಲ.

ಅಪ್ಪ ಕೇಳಿದ್ದು ಒಂದೇ ಒಂದು, ಇನ್ನೊಂದು ಆಟ. ಧಾರವಾಡದ ಮಾಳಮಡ್ಡಿಯಲ್ಲಿದ್ದ ಬಿಂದುಮಾಧವರ ಮನೆಯ ಗೇಟಿನ ಮುಂದೆ ಎಷ್ಟು ಸಲ ನಿಂತನೋ. ಅವರು ಪ್ರತಿ ಸಲ ಗೇಟಿನ ತನಕ ಬಂದು, ಪ್ರೀತಿಯಿಂದಲೇ, "ನೀ ಹಳ್ಳಿ ಆಟ ಛಲೋ ಆಡತಿ ಹನಮಪ್ಪ, ಅದನ್ನ ಬಿಡಬ್ಯಾಡ," ಎಂದು ಹೇಳಿ ಕಳಿಸುತ್ತಿದ್ದರು. ಗೇಟು ತೆಗೆಯುತ್ತಿರಲಿಲ್ಲ.

*

ಹೊತ್ತು ನೆತ್ತಿಗೆ ಬರುವ ಮೊದಲು ಕಾರು ಬಂತು. ತಮ್ಮನ ಮಗ ಕೇದಾರನ ತೋಳು ಹಿಡಿದುಕೊಂಡು ಬಿಂದುಮಾಧವರು ಇಳಿದರು. ಬೆನ್ನು ಬಾಗಿತ್ತು, ಅಂಗಿ ಮಾತ್ರ ಈಗಲೂ ಇಸ್ತ್ರಿಯದು. ಸೇವಂತಿಗೆ ಮಾಲೆಯನ್ನು ಹನಮಪ್ಪನ ಕೊರಳಿಗೆ ಹಾಕಿ, ಎರಡೂ ಕಡೆ ಸಮನಾಗಿ ಇಳಿಬಿದ್ದಿದೆಯೇ ಎಂದು ನೋಡಿ, ಕೈ ಮುಗಿದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಗೀತಾಂಜಲಿಗೆ ಅದು ಇನ್ನಷ್ಟು ಸಿಟ್ಟು ತರಿಸಿತು.

"ಭಾಳ ಛಲೋ ಮನಶ್ಯಾ," ಎಂದರು. "ನನ್ನ ಯಾಕ ನೆನಸಿದಾ ತಂಗಿ?"

"ನಿಮ್ಮ ಜೋಡಿ ಒಂದ ಆಟ ಉಳದಿತ್ತಲ್ರಿ. ಅದ ಕೊರಗಿನ್ಯಾಗ ಹೋದ."

"ಯಾವ ಆಟ?"

ಅವಳು ಅವರ ಮುಖವನ್ನೇ ನೋಡಿದಳು. ನಟನೆಯಲ್ಲ. "ನೀವು ಅಂದಿದ್ರಲ್ರಿ, ಇದು ಹೆಬ್ಬಳ್ಳಿ ಕಟ್ಟಿ ಅಲ್ಲ, ಇಲ್ಲೆ ರಾಜಾ ಹಾರೂದಿಲ್ಲ ಅಂತ."

"ನಾ ಹಂಗ ಅಂದಿದ್ನೇನು?" ಬಿಂದುಮಾಧವರು ಕೇದಾರನ ಕಡೆ ನೋಡಿದರು, ಅವನಿಗೇನಾದರೂ ನೆನಪಿದೆಯೋ ಎಂಬಂತೆ. "ಇರಬಹುದು. ಏನೋ ಹುಡುಗಾಟಕ್ಕ ಅಂದಿರಬೇಕು."

ಮರೆತಿದ್ದರು. ಅಪ್ಪ ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಮಾತನ್ನು ಈ ಮನುಷ್ಯ ಮನೆಗೆ ಹೋಗುವಷ್ಟರಲ್ಲಿ ಮರೆತುಬಿಟ್ಟಿದ್ದರು. ಅಷ್ಟು ಹೊತ್ತು ಅವಳ ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಅಳುಕಿತ್ತು. ಅದು ಅಲ್ಲಿಗೆ ಸತ್ತುಹೋಯಿತು.

"ಈಗ ಆಡ್ರಿ," ಎಂದಳು. "ಅವನ ಪರವಾಗಿ ನಾ ಆಡತೇನಿ. ಅವನ ಮುಂದ."

"ಹೆಣದ ಮುಂದ ಆಟಾ ಆಡತಾರೇನ?" ಫಕೀರವ್ವ ಚೀರಿದಳು.

ದುರಗಪ್ಪ ಒಂದು ಕ್ಷಣ ತಮ್ಮನ ಮುಖ ನೋಡಿದ. ಆಮೇಲೆ ಭಜನೆಯವರಿಗೆ ತಾಳ ನಿಲ್ಲಿಸಲು ಕೈ ಮಾಡಿ, "ಹೋಗಾಂವನ ಆಸೆ ಉಳೀಬಾರದವ್ವ," ಎಂದ. "ನಮ್ಮ ತಂಗಿ ಗದಗಿನಿಂದ ಬರಾಕ ಇನ್ನೂ ಹೊತ್ತೈತಿ. ಒಂದ ಆಟ ಆಡ್ರಿ ಮಾಸ್ತರ. ನಮ್ಮ ತಮ್ಮ ನಿಮ್ಮ ಬಾಗಲಿಗೆ ಭಾಳ ಸಲ ಬಂದಾನ. ನೀವು ಇವತ್ತ ಒಮ್ಮೆ ಬಂದೀರಿ."

ಪಡಸಾಲೆಯ ತುಂಬ ಜನ, ಎಲ್ಲರ ಕಣ್ಣೂ ಅವರ ಮೇಲೆ. ಇಲ್ಲವೆನ್ನುವ ಹಾಗಿರಲಿಲ್ಲ. ಬಿಂದುಮಾಧವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕುಳಿತರು.

*

ಬಿಂದುಮಾಧವರ ಆ ಕರಿಯ ಒಂಟೆಯನ್ನು ಓಡಿಸುವ ಉಪಾಯ ಹುಡುಕುವುದರಲ್ಲೇ ಅಪ್ಪನ ಆಯುಷ್ಯ ಕಳೆಯಿತು. ಪಾಳಿ ಮುಗಿಸಿ ಬಂದು, ಕೈಕಾಲಿಗೆ ನೀರು ಹಾಕಿಕೊಂಡು, ಬುದ್ಧಿಬಲದ ಹಲಗೆಯ ಮುಂದೆ ಕುಳಿತನೆಂದರೆ ಫಕೀರವ್ವ ಜೋಳ ಮುಗಿದಿದೆ ಎಂದರೂ ಕೇಳಿಸುತ್ತಿರಲಿಲ್ಲ, ಮಗಳಿಗೆ ಜ್ವರ ಎಂದರೂ ಕೇಳಿಸುತ್ತಿರಲಿಲ್ಲ. ಕೊನೆಗೊಂದು ದಿನ ಉಪಾಯ ಸಿಕ್ಕಿತು. ತನ್ನ ಕುದುರೆಯನ್ನು ಹಲಗೆಯ ಅಂಚಿಗೆ ಕಳಿಸಿ, ಅಲ್ಲಿಂದ ಆ ಒಂಟೆಯನ್ನು ಹೊಡೆಯುವುದು. "ಇನ್ನ ಅವನ ಒಂಟಿ ನಿಂದರೂದಿಲ್ಲ ನೋಡ ಗೀತಾ!" ಎಂದು ಅಪ್ಪ ಕುಣಿದಾಡಿದ್ದ.

ಗೀತಾಂಜಲಿ ಆಗ ಕಾಲೇಜಿಗೆ ಹೋಗುತ್ತಿದ್ದಳು, ಯೂನಿವರ್ಸಿಟಿಯ ತಂಡದಲ್ಲಿ ಆಡುತ್ತಿದ್ದಳು. ನೋಡಿದ ಕೂಡಲೇ ಅವಳಿಗೆ ತೂತು ಕಂಡಿತು. ಅಪ್ಪನ ಕುದುರೆ ಅಂಚಿಗೆ ಹೋದ ಆ ಗಳಿಗೆಯಲ್ಲೇ ಕರಿಯ ಕುದುರೆ ನಡುಮನೆಗೆ ಹಾರಿದರೆ ಅಪ್ಪನ ಆಟ ಮುಗಿದಂತೆ. ಹಳೆಯ ಆ ಆಟವನ್ನೂ ಅವಳು ಒಬ್ಬಳೇ ಕುಳಿತು ಮತ್ತೆ ಇಟ್ಟು ನೋಡಿದ್ದಳು. ರಾಜ ಹಾರದಿದ್ದರೂ ಅಪ್ಪ ಅಂದು ಸೋಲುತ್ತಿದ್ದ. ಅಪ್ಪ ಅಂಥ ದೊಡ್ಡ ಆಟಗಾರನೇನೂ ಆಗಿರಲಿಲ್ಲ. ಇದ್ಯಾವುದನ್ನೂ ಅವಳು ಅವನಿಗೆ ಹೇಳಲಿಲ್ಲ. "ಛಲೋ ಐತೆಪ್ಪ," ಎಂದಿದ್ದಳು, ಅಷ್ಟೇ.

*

ಹಲಗೆಯನ್ನು ಅವಳು ಮಣೆಯ ಮೇಲಿಡಲಿಲ್ಲ. ದಪ್ಪನೆಯ ಕೌದಿ ಹಾಸಿ ಅದರ ಮೇಲೆ ಇಟ್ಟಳು. ಕಾಯಿಗಳು ಅತ್ತ ಇತ್ತ ವಾಲಿ ನಿಂತವು.

"ಮಣಿ ಇಲ್ಲೇನವಾ? ಇದು ಅಳ್ಳಾಡತದ," ಎಂದರು ಬಿಂದುಮಾಧವರು.

"ಇಲ್ರಿ," ಎಂದಳು. ಮೂಲೆಯಲ್ಲಿ ಗೋಡೆಗೆ ನಿಲ್ಲಿಸಿದ್ದ ಮಣೆಯನ್ನು ಫಕೀರವ್ವ ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಗಂಡನ ಕಡೆ ತಿರುಗಿದಳು.

ಅಪ್ಪ ಹೇಳುತ್ತಿದ್ದ ಮಾತು ಅವಳಿಗೆ ನೆನಪಿತ್ತು. ಕಾಯಿ ಸೊಟ್ಟ ನಿಂತರೆ ಆ ಮಾಸ್ತರಿಗೆ ಉಸಿರಾಡಲಿಕ್ಕಾಗುವುದಿಲ್ಲ. ಈಗಲೂ ಹಾಗೇ ಇತ್ತು. ಆಟ ಶುರುವಾಗುವ ಮೊದಲು ಎರಡೇ ಬೆರಳಿನಿಂದ ತಮ್ಮ ಒಂದೊಂದು ಕಾಯಿಯನ್ನೂ ಮನೆಯ ನಟ್ಟನಡುವೆ ನಿಲ್ಲಿಸಿದರು. ಅವಳು ರಾಜನ ಪದಾತಿಯನ್ನು ನಡೆಸಿದಳು, ಪಕ್ಕದ ಪದಾತಿಯನ್ನು ಒಡ್ಡಿದಳು. ಅವರ ಕೈ ತಾನಾಗಿ ಒಂಟೆಯನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಿತು. ಮಾತು ಮರೆತಿದ್ದರೂ ಕೈ ಮರೆತಿರಲಿಲ್ಲ.

ಯಾರೋ ಎದ್ದರು, ಕೌದಿ ಜಗ್ಗಿತು, ಕಾಯಿಗಳು ವಾಲಿದವು. "ಅಡ್ಜಸ್ಟ್," ಎಂದು ಮೆಲ್ಲಗೆ ಹೇಳಿ ಬಿಂದುಮಾಧವರು ಅವನ್ನು ನೆಟ್ಟಗೆ ಮಾಡಿದರು.

"ಏನಂದ್ರಿ ಅದು, ಮಂತ್ರಾನ?" ದುರಗಪ್ಪ ಕೇಳಿದ.

"ಇಲ್ಲ ಯಜಮಾನ್ರ, ಟೂರ್ನಮೆಂಟಿನ ಪದ್ಧತಿ," ಬಿಂದುಮಾಧವರಿಗೆ ಪಾಠ ಹೇಳುವುದೆಂದರೆ ಈಗಲೂ ಹುರುಪು. "ಕಾಯಿ ಸರಿ ಮಾಡೂದಿದ್ರ ಮೊದಲ ಹಂಗ ಹೇಳಬೇಕು. ಹೇಳದ ಮುಟ್ಟಿದ್ರ ಅದನ್ನ ನಡಸಲಿಕ್ಕೇ ಬೇಕು. ಬಿಡೂದಿಲ್ಲ."

"ಯಾರಿಗೂ ಬಿಡೂದಿಲ್ರಿ?"

"ಯಾರಿಗೂ ಬಿಡೂದಿಲ್ಲ."

ಗೀತಾಂಜಲಿ ತಲೆ ಎತ್ತಲಿಲ್ಲ. ಅವರು ರಾಜನನ್ನು ಕೋಟೆಯೊಳಗೆ ಸೇರಿಸಿದರು. ಇನ್ನೆರಡು ಸಲ ಕೌದಿ ಜಗ್ಗಿತು, ಇನ್ನೆರಡು ಸಲ ಅಡ್ಜಸ್ಟ್ ಎಂದರು. ಆಮೇಲೆ ಅವಳು ಅಪ್ಪನ ಉಪಾಯ ಹೂಡಿದಳು. ಕುದುರೆಯನ್ನು ಅಂಚಿಗೆ ಒಯ್ದು ಇಟ್ಟಳು. ತೂತು ಬಾಯಿ ತೆರೆದುಕೊಂಡು ಎದುರಿಗೇ ಇತ್ತು. ಬೇರೆ ಆಟ ಆಡಿ ಗೆಲ್ಲುವುದು ಅವಳಿಗೆ ಕಷ್ಟವಿರಲಿಲ್ಲ. ಆದರೆ ಅದು ಅವಳ ಗೆಲುವಾಗುತ್ತಿತ್ತು, ಅಪ್ಪನದಲ್ಲ.

ಬಿಂದುಮಾಧವರು ಬಹಳ ಹೊತ್ತು ನೋಡಿದರು. ಹಾಗೆ ನೋಡುತ್ತಿದ್ದಂತೆ ಅವರ ಕಣ್ಣು ಹೊಳೆಯಿತು, ಬಾಗಿದ ಬೆನ್ನು ಸ್ವಲ್ಪ ನೆಟ್ಟಗಾಯಿತು. ಕಂಡಿತು ಇವರಿಗೆ, ಕುದುರೆಯ ಆ ನಡೆ ಕಂಡಿತು, ಎಂದುಕೊಂಡಳು. ಎಂಬತ್ತರ ಮುದುಕ, ಸಾವಿನ ಮನೆಯಲ್ಲಿ ಕುಳಿತಿದ್ದೇನೆಂಬುದನ್ನೂ ಮರೆತು, ಮಕ್ಕಳ ಹಾಗೆ ಖುಷಿಪಡುತ್ತಿದ್ದರು.

ಗೀತಾಂಜಲಿ ಮೊಣಕಾಲು ಸರಿಸಿದಳು. ಬೇಕಂತಲೇ. ಕೌದಿ ಜಗ್ಗಿ, ಕರಿಯ ರಾಜ ಪಕ್ಕದ ಆನೆಗೆ ಒರಗಿದ.

ಬಿಂದುಮಾಧವರ ಕಣ್ಣು ಕುದುರೆಯ ಮೇಲೆಯೇ ಇತ್ತು. ಕೈ ಕುದುರೆಗೆ ಹೋಗುವ ದಾರಿಯಲ್ಲಿ ಒಂದು ಗಳಿಗೆ ನಿಂತು, ಎರಡು ಬೆರಳಿನಿಂದ ರಾಜನನ್ನು ನೆಟ್ಟಗೆ ನಿಲ್ಲಿಸಿತು. ಬಾಯಿಂದ ಅಡ್ಜಸ್ಟ್ ಎಂಬ ಮಾತು ಬರಲಿಲ್ಲ.

"ಮುಟ್ಟೀರಿ," ಎಂದಳು ಗೀತಾಂಜಲಿ.

"ಏನು?"

"ರಾಜನ್ನ ಮುಟ್ಟೀರಿ. ನಡಸ್ರಿ."

"ಅಯ್ಯ, ನಾ ಸರಿ ಮಾಡಿದೆ ಅಷ್ಟ ತಂಗಿ. ಸೊಟ್ಟ ನಿಂತಿದ್ದ." ಅವರು ನಗಲು ನೋಡಿದರು. "ನನ್ನ ನಡೆ ಕುದರೀದು. ನಿನಗೂ ಗೊತ್ತದ, ಅದನ್ನ ಆಡಿದ್ರ ನಿನ್ನ ಆಟ ಮುಗೀತದ."

"ಗೊತ್ತೈತ್ರಿ. ಆದ್ರ ಹೇಳದ ಮುಟ್ಟೀರಿ. ಯಾರಿಗೂ ಬಿಡೂದಿಲ್ಲ ಅಂದ್ರಿ, ಈಗಷ್ಟ."

ಬಿಂದುಮಾಧವರು ದುರಗಪ್ಪನ ಕಡೆ ನೋಡಿದರು. ದುರಗಪ್ಪ ಮೀಸೆ ತಿರುವಿ, ಊರಿಗೆಲ್ಲ ಕೇಳುವ ದನಿಯಲ್ಲಿ, "ಮಾಸ್ತರ, ಇದು ನಿಮ್ಮ ಟೂರ್ನಮೆಂಟ್ ಅಲ್ರಿ. ಹೆಬ್ಬಳ್ಳಿ ಕಟ್ಟಿ! ಇಲ್ಲೆ ಮುಟ್ಟಿದ ರಾಜಾ ನಡೀಬೇಕ!" ಎಂದ.

ಮೊದಲು ಭಜನೆಯವನೊಬ್ಬನ ಮೂಗಿನಿಂದ ಸಣ್ಣ ಸದ್ದು ಬಂತು. ಆಮೇಲೆ ಬಾಗಿಲಲ್ಲಿ ನಿಂತವರು, ಆಮೇಲೆ ಸೆರಗು ಬಾಯಿಗಿಟ್ಟ ಹೆಂಗಸರು. ಸಾವಿನ ಮನೆ ಗೊಳ್ಳೆಂದು ನಕ್ಕಿತು. ಬಿಂದುಮಾಧವರ ಕಿವಿ ಕೆಂಪಾದವು. ಅವರು ರಾಜನನ್ನು ಮೂಲೆಯ ಮನೆಗೆ ಸರಿಸಿದರು, ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಗೀತಾಂಜಲಿ ಅಂಚಿನ ಕುದುರೆಯಿಂದ ಒಂಟೆಯನ್ನು ಹೊಡೆದಳು. ನಿಜ ಹೇಳಬೇಕೆಂದರೆ ಆಡಲಿಕ್ಕೆ ಅವರಿಗೆ ಇನ್ನೂ ಬೇಕಾದಷ್ಟು ಆಟವಿತ್ತು. ಆದರೆ ಅವರ ಕಣ್ಣು ಹಲಗೆ ಬಿಟ್ಟು ನಗುವವರ ಕಡೆಗೇ ಹೋಗುತ್ತಿತ್ತು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರು ರಾಣಿಯನ್ನು ಬಿಟ್ಟುಕೊಟ್ಟರು, ಆಮೇಲೆ ಸೋಲೊಪ್ಪಿ ತಾವೇ ರಾಜನನ್ನು ಮಲಗಿಸಿದರು.

ಗೀತಾಂಜಲಿಗೆ ಮೈಯೆಲ್ಲ ಹಿತವಾಯಿತು. ಬೇಸಿಗೆಯಲ್ಲಿ ಗಡಿಗೆಯ ನೀರು ಕುಡಿದಂತಾಯಿತು. ಅವಳು ಆ ಕರಿಯ ರಾಜನನ್ನು ಎತ್ತಿ ಅಪ್ಪನ ತೊಡೆಯ ಮೇಲೆ ಇಟ್ಟಳು. ಫಕೀರವ್ವ ಒಬ್ಬಳೇ ನಕ್ಕಿರಲಿಲ್ಲ. "ಮುಗೀತಿಲ್ಲ?" ಎಂದು ಮಗಳನ್ನು ಕೇಳಿದಳು. "ಇನ್ನರ ಅವನ್ನ ನನಗ ಕೊಡ. ಅಳಬೇಕು ನಾ."

*

ಗದಗಿನ ಅತ್ತೆ ಬಂದು ಅತ್ತಾದ ಮೇಲೆ ಹನಮಪ್ಪನನ್ನು ಹೊತ್ತುಕೊಂಡು ಹೊರಟರು. ಬಿಂದುಮಾಧವರು ಹಿಂದಿರುಗಿ ಹೋಗಲಿಲ್ಲ. "ಕಾಕಾ, ಸಾಕು ನಡೀರಿ," ಎಂದು ಕೇದಾರ ಕೈ ಹಿಡಿದರೂ, "ಮಣ್ಣು ಕೊಡದ ಹೋಗಬಾರದಪಾ," ಎಂದು ಹೊಲದ ದಾರಿಯಲ್ಲಿ ಭಜನೆಯ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಯಾರೋ ಹುಡುಗರು ಬೆನ್ನ ಹಿಂದೆ, "ಮುಟ್ಟೀರಿ!" ಎಂದು ಅಣಕಿಸಿದರು. ಆ ಮಾತು ನಾಳೆಯ ಹೊತ್ತಿಗೆ ಧಾರವಾಡ ಮುಟ್ಟುತ್ತದೆಂದು ಗೀತಾಂಜಲಿಗೆ ಗೊತ್ತಿತ್ತು.

ಹನಮಪ್ಪನನ್ನು ಕುಳಿತ ಹಾಗೆಯೇ ಕುಣಿಯೊಳಗೆ ಇಳಿಸಿದರು. ಇಳಿಸುವಾಗಿನ ಜಗ್ಗಾಟದಲ್ಲಿ ರುಮಾಲು ಮತ್ತೆ ಎಡಕ್ಕೆ ಜಾರಿ ಒಂದು ಕಣ್ಣನ್ನು ಅರ್ಧ ಮುಚ್ಚಿತು. ಕೆಳಗೆ ಇಳಿದಿದ್ದವರು ಹಗ್ಗ ಬಿಚ್ಚುವ ಗಡಿಬಿಡಿಯಲ್ಲಿ ನೋಡಲಿಲ್ಲ, ಮೇಲೆ ಬಂದುಬಿಟ್ಟರು. ಮಂದಿ ಒಬ್ಬೊಬ್ಬರೇ ಬಾಗಿ ಹೂವು ಹಾಕತೊಡಗಿದರು.

ಬಿಂದುಮಾಧವರ ಸರದಿ ಬಂತು. ಕುಣಿಯ ಅಂಚಿಗೆ ಮೊಣಕಾಲೂರಿದರು. ಹನಮಪ್ಪನ ತಲೆ ಅವರ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಹೂವು ಹಿಡಿದ ಕೈಯಿಂದ ಎರಡು ಬೆರಳು ತಾವಾಗಿ ಮುಂದೆ ಬಂದು, ಓರೆಯಾದ ರುಮಾಲಿನ ಕಡೆ ಚಾಚಿದವು.

ಅರ್ಧದಲ್ಲಿ ನಿಂತವು.

ಮುದುಕ ತಲೆ ತಿರುಗಿಸಿ ಗೀತಾಂಜಲಿಯನ್ನು ನೋಡಿದರು. ಸಾಲೆಯಲ್ಲಿ ಏಟು ತಿಂದ ಹುಡುಗ ಮತ್ತೆ ಕೈ ಚಾಚುವ ಮೊದಲು ನೋಡುವ ಹಾಗೆ. ಮುಟ್ರಿ ಸರ್, ಸರಿ ಮಾಡ್ರಿ, ಎಂದು ಅವಳು ಹೇಳಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದದ್ದೂ ನಿಜ. ಸುತ್ತಲ ಜನ ಅವಳನ್ನೇ ನೋಡುತ್ತಿದ್ದರು. ಅವಳು ತುಟಿ ಬಿಚ್ಚಲಿಲ್ಲ.

ಬಿಂದುಮಾಧವರು ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡು, ಹೂವನ್ನು ಮೇಲಿನಿಂದಲೇ ಬಿಟ್ಟು, ಕೇದಾರನ ತೋಳು ಹಿಡಿದು ಎದ್ದರು. ದುರಗಪ್ಪ ಬುಟ್ಟಿ ಬಗ್ಗಿಸಿದ. ಮೊದಲ ಮಣ್ಣು ಆ ಸೊಟ್ಟ ರುಮಾಲಿನ ಮೇಲೆ ಬಿತ್ತು.